ಹಾಡು ಮನೆಗೆ ಬರುವ ತನಕ

ವಾರಕ್ಕೆ ಎರಡು ಸಲ, ಊಟದ ಗಂಟೆಗೆ ಮುಂಚಿನ ನಲವತ್ತು ನಿಮಿಷ. ಎರಡನೇ ಕ್ಲಾಸಿನ ಮಕ್ಕಳ ಪಾಲಿಗೆ ಸಂಗೀತ ಅಂತ ಸಿಗುತ್ತಿದ್ದದ್ದು ಅಷ್ಟೇ. ಹಸಿದ ಹೊಟ್ಟೆಯ ಮೂವತ್ತು ಮಕ್ಕಳಿಗೆ ಅಷ್ಟು ಹೊತ್ತಿನಲ್ಲಿ ಏನು ತಾನೇ ಕಲಿಸಲಾದೀತು ಎಂದು ಯಾರಾದರೂ ಮೂಗು ಮುರಿದರೆ ತಪ್ಪಿಲ್ಲ. ಆದರೆ ಆ ಶಾಲೆಯ ಹಾಡಿನ ಮೇಷ್ಟ್ರು ನೋಡಲು ಕಡ್ಡಿಯ ಹಾಗಿದ್ದರೂ ಗಟ್ಟಿ ಮನುಷ್ಯ. ಪುಸ್ತಕವನ್ನು ಕಪಾಟಿಗೆ ತಳ್ಳಿ, ನೆಲದ ಮೇಲೆ ಸೀಮೆಸುಣ್ಣದಿಂದ ಏಳು ಮೆಟ್ಟಿಲು ಬರೆದು, ಮೊದಲನೇ ಮೆಟ್ಟಿಲಿನ ಸುತ್ತ ಒಂದು ಮನೆ ಬರೆದರು. ಬಾಗಿಲು, ಕಿಟಕಿ, ಕಿಟಕಿಯಲ್ಲಿ ಒಂದು ಬೆಕ್ಕು, ಎಲ್ಲ ಇತ್ತು. ಇದು ಮನೆ ಸ್ವರ, ಅಂದರು. ಹಾಡು ಇಲ್ಲಿಂದ ಹೊರಡುತ್ತದೆ, ಊರೆಲ್ಲ ಸುತ್ತುತ್ತದೆ, ಕೊನೆಗೆ ಇಲ್ಲಿಗೇ ಬರುತ್ತದೆ. ಬಂದಾಗ ನಿಮ್ಮ ಕಿವಿಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ. ಅದರ ಮೇಲೆ ಒಂದು ನಿಯಮವನ್ನೂ ಮಾಡಿದರು. ಹಾಡು ಶುರುವಾದಾಗ ಎಲ್ಲರೂ ಎದ್ದು ನಿಲ್ಲಬೇಕು. ಹಾಡು ಮನೆಗೆ ಬಂದ ಮೇಲೆಯೇ ಕೂರಬೇಕು.

ಮಕ್ಕಳಿಗೆ ಇದು ಒಳ್ಳೆ ಆಟವಾಯಿತು. ಮೇಷ್ಟ್ರು ಬೇಕೆಂದೇ ಕೊನೆಯ ಸ್ವರಕ್ಕೆ ಮುಂಚೆ ಹಾರ್ಮೋನಿಯಂ ಮೇಲೆ ಕೈ ನಿಲ್ಲಿಸಿ, ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಮೂವತ್ತು ಮಕ್ಕಳೂ ಮಂಡಿ ಅರ್ಧ ಬಗ್ಗಿಸಿಕೊಂಡು ತಡೆಯಲಾರದೆ ಒದ್ದಾಡುತ್ತಿದ್ದವು. ಮೇಷ್ಟ್ರು ಆ ಒಂದು ಸ್ವರ ಒತ್ತಿದ ಕೂಡಲೇ ಧೊಪ್ಪೆಂದು ಕೂರುತ್ತಿದ್ದವು. ಕೆಳಗಿನ ಮಹಡಿಯ ಲೆಕ್ಕದ ಟೀಚರು ಇದರ ಬಗ್ಗೆ ಆಗಲೇ ಎರಡು ಸಲ ದೂರು ಕೊಟ್ಟಿದ್ದರು.

ಈ ಮೂವತ್ತರಲ್ಲಿ ಒಬ್ಬಳು ಟಪಾಲು. ಹೆಸರು ಬೇರೆಯೇ ಇತ್ತು, ಆದರೆ ಮನೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮನೆಯ ಸುದ್ದಿಯನ್ನು ಶಾಲೆಗೆ, ಶಾಲೆಯ ಸುದ್ದಿಯನ್ನು ಮನೆಗೆ ಒಂದಕ್ಷರ ಬಿಡದೆ ಮುಟ್ಟಿಸುತ್ತಾಳೆಂದು ಅವಳ ಅಪ್ಪ ಇಟ್ಟ ಹೆಸರು. ಅಪ್ಪ ಗೊರಕೆ ಹೊಡೆಯುವುದು ಹೆಡ್‌ಮೇಡಮ್‌ಗೆ ಗೊತ್ತಿತ್ತು. ಹೆಡ್‌ಮೇಡಮ್ ತಲೆಗೆ ಬಣ್ಣ ಹಚ್ಚುವುದು ಅಪ್ಪನಿಗೆ ಗೊತ್ತಿತ್ತು. ಇಬ್ಬರೂ ಶಾಲೆಯ ಗೇಟಿನಲ್ಲಿ ಎದುರಾದರೆ ಬಹಳ ಮರ್ಯಾದೆಯಿಂದ ನಕ್ಕು ಮುಂದೆ ಹೋಗುತ್ತಿದ್ದರು.

ಸೋಮವಾರ ರಾತ್ರಿ ಊಟವಾದ ಮೇಲೆ ಟಪಾಲಿನ ತಾಯಿ ಎಂದಿನ ಹಾಗೆ ಮಗಳನ್ನು ಮಲಗಿಸಲು ಕೂತಳು. ದಿನವಿಡೀ ಚಪ್ಪಲಿ ಅಂಗಡಿಯಲ್ಲಿ ಕಂಡವರ ಮಕ್ಕಳ ಪಾದ ಅಳೆದು, ಬೂಟಿನ ಲಾಡಿ ಕಟ್ಟಿ ಬಂದ ಸೊಂಟ ಅದು. ಮಗಳು ಬೇಗ ಕಣ್ಣು ಮುಚ್ಚಿದರೆ ಸಾಕಿತ್ತು. ಅವಳಿಗೆ ಗೊತ್ತಿದ್ದದ್ದು ಒಂದೇ ಹಾಡು. ತನ್ನ ಅಮ್ಮ ತನಗೆ ಹಾಡುತ್ತಿದ್ದದ್ದು.

ಬಿಳಿಯ ಬಾತು ಕೆರೆಗೆ ಹೋಯ್ತು,
ಕೆರೆಯ ನೀರು ತಣ್ಣಗಿತ್ತು,
ದಡದ ಮೇಲೆ ಮರಿಯು ನಿಂತು
ದಾರಿ ನೋಡಿತು, ದಾರಿ ನೋಡಿತು…

ಹಾಡು ಶುರುವಾಗುತ್ತಿದ್ದ ಹಾಗೆಯೇ ಟಪಾಲು ಹಾಸಿಗೆಯ ಮೇಲೆ ಎದ್ದು ನಿಂತಳು. ಹಾಡು ಮುಗಿಯಿತು, ಅವಳು ನಿಂತೇ ಇದ್ದಳು. ಮಲಗೇ ಅಂದರೆ ಇಲ್ಲ ಅಂದಳು. ತಾಯಿ ಇನ್ನೊಂದು ಸಲ ಹಾಡಿದಳು, ಮತ್ತೊಂದು ಸಲ ಹಾಡಿದಳು. ಗದರಿದರೂ ಅಷ್ಟೇ, ಗೋಗರೆದರೂ ಅಷ್ಟೇ, ಹುಡುಗಿ ಜಪ್ಪಯ್ಯ ಅನ್ನಲಿಲ್ಲ.

"ಹಾಡು ಇನ್ನೂ ಮನೆಗೇ ಬಂದಿಲ್ಲ ಅಮ್ಮ," ಅಂದಳು ಕೊನೆಗೆ. "ಅದು ಬೀದೀಲೇ ನಿಂತ್ಕೊಂಡಿದೆ."

ಆಮೇಲೆ ಮೆಟ್ಟಿಲು, ಸೀಮೆಸುಣ್ಣದ ಮನೆ, ಬೆಕ್ಕು, ಕೂರುವ ನಿಯಮ ಎಲ್ಲವನ್ನೂ ವಿವರವಾಗಿ ಒಪ್ಪಿಸಿದಳು. ತಾಯಿಗೆ ಮೊದಲು ನಗು ಬಂತು. ಬಾಯೊಳಗೇ ಇನ್ನೊಂದು ಸಲ ಹಾಡಿಕೊಂಡು ನೋಡಿದಳು, ನಗು ಅಲ್ಲಿಗೇ ನಿಂತಿತು. ಮಗಳು ಹೇಳಿದ್ದು ಸರಿಯಾಗಿತ್ತು. ದಾರಿ ನೋಡಿತು ಅನ್ನುವಲ್ಲಿ ರಾಗ ಒಂದು ಕಾಲು ಮುಂದಿಟ್ಟು ಹಾಗೇ ನಿಂತುಬಿಡುತ್ತಿತ್ತು. ಮೂವತ್ತು ವರ್ಷದಿಂದ ಆ ಹಾಡು ಅವಳ ಬಾಯಲ್ಲಿತ್ತು. ಅದಕ್ಕೆ ಕೊನೆ ಇಲ್ಲ ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ.

ಕಾರಣವೂ ಹೊಳೆಯಿತು. ಕೊನೆ ಕೇಳಲು ಅವಳು ಎಚ್ಚರವಾಗಿದ್ದರೆ ತಾನೇ? ಆಗ ಅವಳಿಗೆ ನಾಲ್ಕೋ ಐದೋ ವರ್ಷ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಮಲಗಿಸುತ್ತಿದ್ದಳು. ಬಾತು ಕೆರೆಗೆ ಹೋಗುವ ಹೊತ್ತಿಗೇ ಅವಳ ರೆಪ್ಪೆ ಭಾರವಾಗುತ್ತಿತ್ತು. ದಾರಿ ನೋಡಿತು ಅನ್ನುವ ಸಾಲು ಬಂದಾಗ ಅಮ್ಮನ ದನಿ ಮೆಲ್ಲಗಾಗುತ್ತಾ, ಇನ್ನೂ ಮೆಲ್ಲಗಾಗುತ್ತಾ, ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ನಿದ್ದೆ ಬರುವುದು ಅಂದರೆ ಹಾಗೆ, ಅಂದುಕೊಂಡಿದ್ದಳು. ಆಮೇಲೆ ಬೆನ್ನ ಮೇಲೆ ಕೈ. ಎರಡು ಸಲ ಬೇಗ, ಒಂದು ಸಲ ನಿಧಾನ, ತಟತಟ, ತಟ್. ಬೆಚ್ಚಗಿನ ಪುಟ್ಟ ಕೈ. ಅಮ್ಮ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ತುಂಬುತ್ತಿದ್ದವಳು, ಅವಳ ಅಂಗೈ ಮೊರದಷ್ಟು ಅಗಲ. ಆದರೂ ನೆನಪಿನಲ್ಲಿ ಆ ಕೈ ಪುಟ್ಟದಾಗಿಯೇ ಇತ್ತು, ಯಾಕೆ ಅಂತ ಅವಳು ಕೇಳಿಕೊಂಡಿರಲಿಲ್ಲ.

ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಫೋಟೋಗಳಿದ್ದವು, ಒಂದು ಉಣ್ಣೆಯ ಶಾಲು ಇತ್ತು. ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಫೋನಿನಲ್ಲಿ ಹಿಡಿದಿಡಬೇಕು ಅಂತ ಇದ್ದಾಗ ಯಾರಿಗೆ ತೋಚುತ್ತದೆ? ಉಳಿದದ್ದು ಈ ನಾಲ್ಕು ಸಾಲು, ಬೆನ್ನ ಮೇಲಿನ ಆ ತಟತಟ. ಅದರಲ್ಲೂ ಅರ್ಧ ತನ್ನ ಕೈಗೆ ಸಿಕ್ಕೇ ಇಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಅಮ್ಮ ಹಾಡಿದ್ದಾಳೆ, ತಾನು ಕೇಳಿಲ್ಲ. ಒಂದೇ ಒಂದು ದಿನ ಇನ್ನೆರಡು ನಿಮಿಷ ಎಚ್ಚರವಿದ್ದಿದ್ದರೆ ಸಾಕಿತ್ತು.

ಟಪಾಲು ಸುಮ್ಮನಿರುವ ಕೂಸೇ? ಮಂಗಳವಾರವೇ ಬಾತನ್ನು ಶಾಲೆಗೆ ಸಾಗಿಸಿದಳು. ಮುಂದಿನ ವಾರದ ಶುಕ್ರವಾರ ತಂದೆತಾಯಂದಿರ ಮುಂದೆ ಪ್ರತಿ ಕ್ಲಾಸೂ ಮಕ್ಕಳು ಮನೆಯಲ್ಲಿ ಕೇಳಿದ ಒಂದು ಹಾಡು ಹಾಡಬೇಕಿತ್ತು. ಮೇಷ್ಟ್ರಿಗೆ ಬಾತು ಬಹಳ ಹಿಡಿಸಿತು. ಮೂವತ್ತು ಮಕ್ಕಳೂ ಎದ್ದು ನಿಂತು ಹಾಡಿದರು. ದಾರಿ ನೋಡಿತು ಅಂದರು, ಇನ್ನೊಂದು ಸಲ ಅಂದರು, ಮಂಡಿ ಬಗ್ಗಿಸಿ ಕಾದರು. ಕೂರುವಂತಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಎಲ್ಲರೂ ನಿಂತವರು ನಿಂತ ಹಾಗೇ ಊಟಕ್ಕೆ ಹೋದರು. ಮೇಷ್ಟ್ರು ಟಪಾಲಿನ ಡೈರಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸಿದ್ದರು: ಹಾಡು ತುಂಬಾ ಚೆನ್ನಾಗಿದೆ, ಉಳಿದ ಸಾಲನ್ನು ದಯವಿಟ್ಟು ಕಳಿಸಿಕೊಡಿ.

ಅದಕ್ಕೇನಂತೆ, ನೀನೇ ಒಂದು ಸಾಲು ಹೊಸೆದು ಕೊಡು, ಅಂದ ಗಂಡ. ಬಾತಿಗೆ ನೆಗಡಿಯಾಯಿತು ಅಂತ ಹಾಕಿದರೂ ನಡೆಯುತ್ತದೆ, ತಣ್ಣೀರಿಗಿಳಿದರೆ ಆಗದೆ ಇರುತ್ತದೆಯೇ? ಟಪಾಲು ಬಿದ್ದು ಬಿದ್ದು ನಕ್ಕಳು. ಹೆಂಡತಿ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ಶಾಲೆಗೆ ಯಾವ ಸಾಲಾದರೂ ಆದೀತು. ಅವಳಿಗೆ ಬೇಕಾಗಿದ್ದದ್ದು ಅಮ್ಮನ ಸಾಲು.

ಅದು ಗೊತ್ತಿರಬಹುದಾದವರು ಲೋಕದಲ್ಲಿ ಒಬ್ಬರೇ. ಅಕ್ಕ. ಅದೇ ಕೋಣೆಯಲ್ಲಿ, ಅದೇ ಚಾಪೆಯ ಆಚೆ ತುದಿಯಲ್ಲಿ ಮಲಗುತ್ತಿದ್ದವಳು, ಇವಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಆದರೆ ಅಕ್ಕನ ಜೊತೆ ಮಾತು ನಿಂತು ಮೂರು ವರ್ಷವಾಗಿತ್ತು.

ಅಮ್ಮ ಕೊನೆಯಲ್ಲಿ ಇದ್ದದ್ದು ಅಕ್ಕನ ಮನೆಯಲ್ಲಿ. ಆ ದಿನ ಅಕ್ಕ ಎರಡು ಸಲ ಫೋನ್ ಮಾಡಿದ್ದಳು, ಬೇಗ ಬಾ ಅಂತ. ಇವಳು ಅಂಗಡಿ ಮುಗಿಸಿ ಬರುತ್ತೇನೆ ಅಂದಳು. ಬರುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಬಾಗಿಲಲ್ಲಿ ನಿಂತ ಇವಳನ್ನು ನೋಡಿ ಅಕ್ಕ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. "ನಿನಗೆ ಯಾವಾಗಲೂ ಎಲ್ಲರೂ ಹೋದ ಮೇಲೇ ಎಚ್ಚರ ಆಗೋದು," ಅಂದಳು, ಕಡ್ಡಿ ಮುರಿದ ಹಾಗೆ. ಬಂದವರೆಲ್ಲ ಕೇಳಿಸಿಕೊಂಡರು. ಆ ಮಾತನ್ನು ಇವಳು ಹೊಟ್ಟೆಗೆ ಹಾಕಿಕೊಳ್ಳಲಾರದೆ ಹೋದಳು. ಅಮ್ಮನಿಗೆ ಕಿರಿಯವಳ ಮೇಲೆ ಪ್ರೀತಿ ಜಾಸ್ತಿ, ಹಾಡು ಹೇಳಿ ಮಲಗಿಸಿದ್ದು ಕಿರಿಯವಳನ್ನು. ಆ ಹೊಟ್ಟೆಕಿಚ್ಚು ಅಕ್ಕನ ಬಾಯಲ್ಲಿ ಹಾಗೆ ಬಂತು ಎಂದು ತೀರ್ಮಾನಿಸಿಕೊಂಡಿದ್ದಳು. ಊರಿಗೆ ಊರೇ ದೂರವಾಗಿದ್ದರೆ ಒಂದು ನೆಪವಿರುತ್ತಿತ್ತು. ಅಕ್ಕ ಕೆಲಸ ಮಾಡುವ ಆಸ್ಪತ್ರೆ ಚಪ್ಪಲಿ ಅಂಗಡಿಯಿಂದ ಬಸ್ಸಿನಲ್ಲಿ ನಾಲ್ಕೇ ಸ್ಟಾಪು.

ಬುಧವಾರ ಅಂಗಡಿಗೆ ಅರ್ಧ ದಿನ ರಜೆ. ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ಎರಡನೇ ಸ್ಟಾಪಿನಲ್ಲಿ ಇಳಿದುಬಿಡೋಣ ಅನ್ನಿಸಿತು, ಇಳಿಯಲಿಲ್ಲ.

ಆಸ್ಪತ್ರೆಯ ಹಿಂಬದಿ, ಅಡುಗೆಮನೆ ದಾಟಿ, ತಗ್ಗಿನಲ್ಲಿತ್ತು ಲಾಂಡ್ರಿ. ಒಣಗಿಸುವ ಮೆಷಿನ್ನುಗಳ ಗುರ್ ಸದ್ದು, ಬಿಸಿ ಹಬೆ, ಸೋಪಿನ ವಾಸನೆ. ಎದೆಯೆತ್ತರದ ಮೇಜಿನ ಪಕ್ಕ ಬೆಡ್‌ಶೀಟಿನ ಗುಡ್ಡೆ. ಅಕ್ಕ ಒಂದು ಬೆಡ್‌ಶೀಟಿನ ಎರಡು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಇನ್ನೆರಡು ತುದಿ ತಾನು ಹಿಡಿದು ಒಬ್ಬಳೇ ಮಡಿಸುತ್ತಿದ್ದಳು. ತಲೆ ಎತ್ತಿ ತಂಗಿಯನ್ನು ನೋಡಿದಳು. ಮೊಳೆಯಿಂದ ಆ ಎರಡು ತುದಿ ಬಿಡಿಸಿ ತಂಗಿಯ ಕಡೆ ಚಾಚಿದಳು.

"ಜೊತೆಯವಳು ಇವತ್ತು ರಜೆ. ಹಿಡ್ಕೋ."

ಹಿಡಿದುಕೊಂಡಳು. ಜಗ್ಗಿ ಒಂದು ಸಲ ಕೊಡವುವುದು, ಉದ್ದಕ್ಕೆ ಮಡಿಸುವುದು, ಹೆಜ್ಜೆ ಹಾಕಿ ಹತ್ತಿರ ಬಂದು ತುದಿಗೆ ತುದಿ ಕೊಡುವುದು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ದೂರ ಹೋಗುವುದು. ಹೀಗೇ ಮೂರು ಬೆಡ್‌ಶೀಟು ಮುಗಿದವು. ಪ್ರತಿ ಸಲ ಹತ್ತಿರ ಬಂದಾಗಲೂ ಬೆರಳಿಗೆ ಬೆರಳು ತಾಗುತ್ತಿತ್ತು, ಇಬ್ಬರೂ ಬಟ್ಟೆಯನ್ನೇ ನೋಡುತ್ತಿದ್ದರು. ಅಕ್ಕನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ತಂಗಿಗೆ ಅದು ಗೊತ್ತೇ ಇರಲಿಲ್ಲ.

ನಾಲ್ಕನೇ ಬೆಡ್‌ಶೀಟಿಗೆ ಅವಳು ವಿಷಯ ತೆಗೆದಳು. ಮಗಳು ಹಾಸಿಗೆಯ ಮೇಲೆ ನಿಂತದ್ದು, ಮೂವತ್ತು ಮಕ್ಕಳು ಕೂರಲಾಗದೆ ಊಟಕ್ಕೆ ಹೋದದ್ದು, ಮೇಷ್ಟ್ರು ಡೈರಿಯಲ್ಲಿ ಬರೆದದ್ದು. ಅಕ್ಕನ ತುಟಿಯ ತುದಿ ಸ್ವಲ್ಪ ಅಲುಗಿತು. ಕೊನೆಗೆ ತಂಗಿ ಕೇಳಿದಳು, ಅಮ್ಮ ಹೇಗೆ ಮುಗಿಸುತ್ತಿದ್ದಳು, ನೀನು ಎಚ್ಚರವಾಗಿರುತ್ತಿದ್ದೆಯಲ್ಲ, ನಿನಗೆ ಗೊತ್ತಿರಬೇಕು.

"ಮುಗಿಸ್ತಾನೇ ಇರ್ಲಿಲ್ಲ," ಅಂದಳು ಅಕ್ಕ.

ತಂಗಿಗೆ ಅರ್ಥವಾಗಲಿಲ್ಲ. ಅಕ್ಕ ಬಟ್ಟೆ ಜಗ್ಗಿ ಸರಿಮಾಡುತ್ತಾ ಹೇಳಿದಳು. "ಅಮ್ಮ ಮೂರು ಗಂಟೆಗೆ ಕಾರ್ಖಾನೇಲಿ ಇರಬೇಕಿತ್ತು. ಹೋಗೋದು ನಿನ್ನ ಕಣ್ಣಿಗೆ ಬಿದ್ರೆ ಕಾಲು ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ ನೀನು. ಅದಕ್ಕೇ ಹಾಡು. ನಿನ್ನ ಕಣ್ಣು ಮುಚ್ಚೋಕೆ ಶುರುವಾದ ಕೂಡಲೇ ಚಪ್ಪಲಿ ಕೈಲಿ ಹಿಡ್ಕೊಂಡು, ಹಾಡ್ತಾ ಹಾಡ್ತಾನೇ ಹಿಂದಕ್ಕೆ ಹೆಜ್ಜೆ ಹಾಕೋಳು. ದಾರಿ ನೋಡಿತು, ದಾರಿ ನೋಡಿತು, ಅಂತ. ಬಾಗಿಲ ತನಕ. ಆಮೇಲೆ ಹೊರಗಿಂದ ಚಿಲಕ ಹಾಕೋಳು, ಅಷ್ಟೇ."

ತಂಗಿಯ ಕೈಯಲ್ಲಿದ್ದ ತುದಿ ಜಾರಿತು. ಮೆಲ್ಲಗಾಗುತ್ತಾ ದೂರವಾದದ್ದು ನಿದ್ದೆಯಲ್ಲ. ಅಮ್ಮನೇ ದೂರ ಹೋಗುತ್ತಿದ್ದಳು. ಜೀವನದಲ್ಲಿ ತನಗೆ ಗೊತ್ತಿದ್ದ ಅತ್ಯಂತ ಬೆಚ್ಚಗಿನ ಗಳಿಗೆ ಯಾವುದೋ, ಅದು ಅಮ್ಮ ಬಿಟ್ಟು ಹೋಗುತ್ತಿದ್ದ ಗಳಿಗೆ. ಇದನ್ನು ಕೇಳಲು ಯಾಕಾದರೂ ಬಂದೆನೋ ಎನ್ನುವಷ್ಟು ನೋವಾಯಿತು ಅವಳಿಗೆ.

"ಹಾಗಾದ್ರೆ ಕೈ?" ಅಂದಳು. "ಬೆನ್ನು ತಟ್ತಾ ಇದ್ಳಲ್ಲ ಅಕ್ಕ. ಹಾಡು ಮೆಲ್ಲಗಾದ ಮೇಲೂ ತಟ್ತಾನೇ ಇದ್ಳು. ನಂಗೆ ಚೆನ್ನಾಗಿ ನೆನಪಿದೆ."

ಅಕ್ಕ ಬಿದ್ದ ತುದಿಯನ್ನು ಬಗ್ಗಿ ಎತ್ತಿಕೊಂಡು, ಪೂರ್ತಿ ಬೆಡ್‌ಶೀಟನ್ನು ತಾನೇ ಎದೆಗೊತ್ತಿ ಮಡಿಸಿದಳು.

"ಚಿಲಕದ ಸದ್ದಿಗೆ ನೀನು ಮಿಸುಕಾಡ್ತಿದ್ದೆ. ಎದ್ದುಬಿಟ್ರೆ ಅಮ್ಮ ಬರೋ ತನಕ ಅಳು, ಪಕ್ಕದ ಮನೆಯವರು ಬಾಗಿಲು ಬಡಿಯೋರು. ನಂಗೆ ಒಂಬತ್ತು ವರ್ಷ ಕಣೇ, ಏನು ಮಾಡ್ಲಿ? ಬೆನ್ನು ತಟ್ಟಿ ನಾನೇ ಮುಂದಕ್ಕೆ ಹಾಡ್ತಿದ್ದೆ. ನಂಗೆ ಬಂದ ಹಾಗೆ."

ಮೆಷಿನ್ನೊಂದು ತಿರುಗುವುದನ್ನು ನಿಲ್ಲಿಸಿತು. ಅಕ್ಕ ಆ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಡಿಸಿದ ಬೆಡ್‌ಶೀಟಿನ ಮೇಲೆ ಕೈ ಇಟ್ಟು ಹಾಡಿದಳು. ದನಿ ಒರಟಾಗಿತ್ತು, ಹಬೆಯಲ್ಲಿ ಕೆಲಸ ಮಾಡಿ ಕೆಟ್ಟ ಗಂಟಲು.

ಸಂಜೆಯಾಯ್ತು, ಬಾತು ಬಂತು,
ಮರಿಯ ಪಕ್ಕ ಬಂದು ಕೂತಿತು.

ಕೊನೆಯ ಸ್ವರಕ್ಕೆ ಅವಳ ಕೈ ಬೆಡ್‌ಶೀಟನ್ನು ತಟ್ಟಿತು. ತಟತಟ, ತಟ್. ಹಾಡು ಮನೆಗೆ ಬಂತು. ಮೇಷ್ಟ್ರು ಹೇಳಿದ ಹಾಗೆ, ಯಾರೂ ಹೇಳಬೇಕಾಗಿರಲಿಲ್ಲ. ತಂಗಿ ಹಿಂದೆ ಇದ್ದ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು.

"ಅದು ಒಗೆದಿರೋ ಗಂಟು," ಅಂದಳು ಅಕ್ಕ. ಆದರೆ ಏಳು ಅನ್ನಲಿಲ್ಲ.

ಮೂರು ವರ್ಷದಿಂದ ಅವಳು ಆ ಕೈಗಾಗಿ ಹಂಬಲಿಸಿದ್ದಳು. ಅಂಗಡಿಯಲ್ಲಿ ಯಾರದೋ ಮಗುವಿನ ಬೂಟು ಕಟ್ಟುವಾಗ, ಬಸ್ಸಿನಲ್ಲಿ, ಮಗಳ ಬೆನ್ನು ತಟ್ಟುವಾಗ, ಆ ಕೈ ಮಣ್ಣಾಯಿತಲ್ಲ ಎಂದು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದಳು. ಅದು ಮಣ್ಣಾಗಿರಲಿಲ್ಲ. ನಾಲ್ಕು ಸ್ಟಾಪು ಆಚೆ, ಈ ಬಿಸಿಯಲ್ಲಿ, ಒಬ್ಬಳೇ ನಿಂತು ಬೆಡ್‌ಶೀಟು ಮಡಿಸುತ್ತಿತ್ತು. ಎಲ್ಲರೂ ಹೋದ ಮೇಲೇ ಎಚ್ಚರ ಆಗೋದು ಎಂದ ಮಾತಿನ ಹಿಂದೆ ಹೊಟ್ಟೆಕಿಚ್ಚು ಇರಲಿಲ್ಲ. ಅಮ್ಮ ಹೋಗುವುದನ್ನು ದಿನವೂ ಕಣ್ಣಾರೆ ನೋಡಿದವಳು ಅಕ್ಕ. ಕೊನೆಯ ಸಲ ಹೋದಾಗಲೂ ಅವಳೊಬ್ಬಳೇ ನೋಡಿದ್ದಳು.

"ನಿಂಗೆ ಯಾರು ಹಾಡ್ತಿದ್ರು?" ಎಂದು ಕೇಳಿದಳು ತಂಗಿ.

ಅಕ್ಕ ಬೆಡ್‌ಶೀಟನ್ನು ಮೇಜಿನ ಮೇಲಿನ ಸಾಲಿಗೆ ಸೇರಿಸಿ, ಅಂಚು ಸರಿಮಾಡಿದಳು. "ನಾನು ಎಚ್ಚರ ಇರಬೇಕಿತ್ತಲ್ಲ," ಅಂದಳು.

ಆಮೇಲೆ ತಂಗಿ ಅತ್ತಳು, ಮುಚ್ಚುಮರೆ ಇಲ್ಲದೆ. ಅಕ್ಕ, ಹೋಗಲಿ ಬಿಡು, ಆ ಸಾಲನ್ನು ಬರೆದುಕೊಂಡು ಹೋಗು, ಮೇಷ್ಟ್ರು ಕಾಯುತ್ತಿರುತ್ತಾರೆ, ಅಂದಳು. ರಸೀದಿ ಪುಸ್ತಕದ ಹಿಂದೆ ಸಿಕ್ಕಿಸಿದ್ದ ಪೆನ್ನನ್ನೂ ಕೊಟ್ಟಳು. ತಂಗಿ ಪೆನ್ನು ತೆಗೆದುಕೊಳ್ಳಲಿಲ್ಲ.

"ನಾನು ಬರೆದು ಕೊಡಲ್ಲ. ಸಾಲು ನಿಂದು. ನೀನೇ ಬಂದು ಹೇಳ್ಕೊಡು."

ಅಕ್ಕ ಶಿಫ್ಟಿನ ನೆಪ ಹೇಳಿದಳು, ಗಂಟಲು ಕೆಟ್ಟಿದೆ ಅಂದಳು, ಚಿಕ್ಕ ಮಕ್ಕಳ ಮುಂದೆ ತಾನೆಂಥ ಹಾಡುವುದು, ಜನ ನಕ್ಕಾರು, ಅಂದಳು. ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು.

"ಮೂವತ್ತು ಮಕ್ಕಳು ನಿಂತ್ಕೊಂಡಿದ್ದಾರೆ ಅಕ್ಕ," ಅಂದಳು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಂದು ಗಂಟಿನ ಇನ್ನೊಂದು ತುದಿಯಲ್ಲಿ ಕೂತಳು, ಕೂತ ಮೇಲೆ ನಗು ಹೋಯಿತು. ಕೂಸು ದೊಡ್ಡಮ್ಮನ ವಿಷಯ ಕೇಳುತ್ತಾಳಾ, ಎಂದು ವಿಚಾರಿಸಿದಳು. ನೀನು ಬಂದರೆ ಶಾಲೆಗೆಲ್ಲ ಡಂಗುರ ಹೊಡೆಯುತ್ತಾಳೆ ನೋಡುತ್ತಿರು, ಅಂದಳು ತಂಗಿ. ಗಂಟಿನ ಬಟ್ಟೆ ಇನ್ನೂ ಬೆಚ್ಚಗಿತ್ತು.

ಆಗ ಅಕ್ಕನ ಕೈ ಅವಳ ಬೆನ್ನಿಗೆ ಬಂತು. ಈಗದು ದೊಡ್ಡ ಕೈ, ಸೋಪಿನ ನೀರಿಗೆ ಒಡೆದ ಕೈ, ಆದರೆ ಲೆಕ್ಕ ತಪ್ಪಿರಲಿಲ್ಲ. ತಟತಟ, ತಟ್. ತಟತಟ, ತಟ್. ತಂಗಿಯ ರೆಪ್ಪೆ ತಾನಾಗಿಯೇ ಭಾರವಾಯಿತು, ಒಂದು ಗಳಿಗೆ ಮುಚ್ಚಿದರೆ ಎಷ್ಟು ಹಿತವಾಗಿರುತ್ತಿತ್ತು. ಆದರೆ ಕಣ್ಣು ಮುಚ್ಚಿ ತೆರೆದಾಗಲೆಲ್ಲ ಯಾರೋ ಒಬ್ಬರು ಹೋಗಿರುತ್ತಿದ್ದರು. ಈ ಸಲ ಅವಳು ಮುಚ್ಚಲಿಲ್ಲ. ಅಕ್ಕನ ಕಡೆ ತಿರುಗಿ, ಅವಳ ಮುಖವನ್ನೇ ನೋಡುತ್ತಾ ಕೂತಳು.